ಹಯಾತ್ ಸಾಬರ ಕೊಸರು

ದಾವಣಗೆರೆಯ ಚೌಕಿಪೇಟೆಯಲ್ಲಿ ಹಯಾತ್ ಸಾಬರ ನಾರುಬೇರಿನ ಗಂಧಿಗೆ ಅಂಗಡಿಗೆ ಹೋಗಿ ಒಂದು ತುಂಡು ಒಣಶುಂಠಿ ಕೇಳಿದರೂ ಸರಿ, ಅವರು ತಕ್ಕಡಿ ಮುಟ್ಟುವ ಮೊದಲು ಒಂದು ಮಾತು ಕೇಳುತ್ತಾರೆ: "ಯಾರಿಗೆ?"

ಅಜ್ಜಿಗೆ ಅಂದರೆ ಅಜ್ಜಿಗೆ ವಯಸ್ಸೆಷ್ಟು, ಹಲ್ಲು ಅದಾವೋ ಇಲ್ಲೋ. ಮಗುವಿಗೆ ಅಂದರೆ ಎಷ್ಟು ತಿಂಗಳು. "ಯಾರಿಗೋ ಬಿಡ್ರಿ, ನಿಮಗ್ಯಾಕೆ" ಅಂದವರಿಗೆ, "ಯಾರಿಗೋ ಕೊಡೋ ಮಾಲು ನಮ್ಮ ಹತ್ರ ಇಲ್ರಿ, ಮುಂದಿನ ಅಂಗಡಿ ನೋಡ್ರಿ" ಎಂದು ಸಮಾಧಾನವಾಗಿಯೇ ಹೇಳಿ ಕಳಿಸಿಬಿಡುತ್ತಾರೆ. ಹಾಗೆ ಸಿಟ್ಟಾಗಿ ಹೋದವರಲ್ಲಿ ಅರ್ಧ ಜನ ಮರುವಾರ ತಿರುಗಿ ಬಂದು, ತಲೆ ತಗ್ಗಿಸಿ, "ನಮ್ಮ ಅತ್ತೆಗೆ ರೀ" ಅನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹಯಾತ್ ಸಾಬರಿಗೆ ಎಪ್ಪತ್ನಾಲ್ಕು. ಮನೆ ಹರಿಹರದಲ್ಲಿ, ಹೊಳೆಯ ಕಡೆ ಹೋಗುವ ಓಣಿಯಲ್ಲಿ. ಐವತ್ತು ವರ್ಷಕ್ಕೂ ಮೇಲಾಯಿತು, ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಸಂಜೆ ಬಸ್ಸು ಹತ್ತಿ ಹೋಗುತ್ತಾರೆ. ಅಂಗಡಿ ಅವರ ಅಪ್ಪನದು. ಹತ್ತಡಿ ಅಗಲ ಇದ್ದರೆ ಹೆಚ್ಚು. ಗೋಡೆ ತುಂಬ ತಗಡಿನ ಡಬ್ಬಿ, ಒಂದರ ಮೇಲೂ ಚೀಟಿ ಇಲ್ಲ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೆ ಬೇಕಾದ ಡಬ್ಬಿಯೇ ಸಿಗುತ್ತದೆ ಎಂಬುದು ಅವರ ಒಂದೇ ಒಂದು ಜಂಬ.

ಇನ್ನು ನನ್ನ ಪರಿಚಯ. ನಾನು ಆಶಾರಾಣಿ, ಇದೇ ಊರಿನ ಆನೆಕೊಂಡದವಳು, ಇಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ. ನಲವತ್ತೈದನೇ ವಯಸ್ಸಿನಲ್ಲಿ, ಮಗಳು ಓದುವ ಹೊತ್ತಿನಲ್ಲಿ, ನನಗೆ ಪಿಎಚ್‌ಡಿ ಹುಚ್ಚು ಹಿಡಿಯಿತು. ವಿಷಯ: ಒಂದೆಲಗದ ಎಲೆಯಲ್ಲಿರುವ ಸತ್ವಗಳು ಜೀವಕೋಶ ಮುದಿಯಾಗುವುದನ್ನು ತಡ ಮಾಡುತ್ತವೆಯೇ?

ಕೋಶಕ್ಕೂ ಮುಪ್ಪು ಬರುತ್ತದೆ. ಉಸಿರಾಡುವುದು, ಉಣ್ಣುವುದು, ದುಡಿಯುವುದು, ಇದರಿಂದಲೇ ಅದರೊಳಗೆ ಒಂದು ಬಗೆಯ ತುಕ್ಕು ಹಿಡಿಯುತ್ತಾ ಬರುತ್ತದೆ. ಗಿಡಗಳು ಬಿಸಿಲಲ್ಲಿ ನಿಂತೇ ಬದುಕಬೇಕಾದ ಜೀವಿಗಳು, ಓಡಿಹೋಗಲು ಕಾಲಿಲ್ಲ. ಅದಕ್ಕೆ ಆ ತುಕ್ಕು ತಡೆಯುವ ಪದಾರ್ಥಗಳನ್ನು ತಾವೇ ಮಾಡಿಕೊಳ್ಳುತ್ತವೆ. ನಮ್ಮ ಬಡ ಲ್ಯಾಬಿನಲ್ಲಿ ಮನುಷ್ಯರ ಕೋಶ ಎಲ್ಲಿಂದ ತರೋಣ? ಬ್ರೆಡ್ ಉಬ್ಬಿಸುವ ಯೀಸ್ಟನ್ನೇ ಬೆಳೆಸಿ, ಹೊಸ ಆಹಾರ ಕೊಡದೆ ಹಾಗೇ ಬಿಟ್ಟು, ದಿನಾ ಎಷ್ಟು ಬದುಕಿವೆ ಎಂದು ಲೆಕ್ಕ ಹಾಕುವುದು. ಒಂದು ಹನಿ ನೀಲಿ ಬಣ್ಣ ಬಿಟ್ಟರೆ ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬೆಳ್ಳಗೆ ಉಳಿಯುತ್ತದೆ. ಅಷ್ಟೇ ನನ್ನ ವಿಜ್ಞಾನ.

ಒಂದೆಲಗಕ್ಕೆಂದು ಮೊದಲ ಸಲ ಸಾಬರ ಅಂಗಡಿಗೆ ಹೋದ ದಿನ ಹತ್ತೂವರೆಗೆ ನನಗೆ ಕ್ಲಾಸು ಇತ್ತು, ಹತ್ತೂಕಾಲು ಆಗಿತ್ತು. "ಒಂದೆಲಗ, ನೆರಳಲ್ಲಿ ಒಣಗಿಸಿದ್ದು, ಕಾಲು ಕೆಜಿ" ಅಂದೆ.

"ಯಾರಿಗೆ?"

ಈಗ ಈ ಮುದುಕನಿಗೆ ಯೀಸ್ಟು, ಕೋಶ, ಪಿಎಚ್‌ಡಿ ಎಲ್ಲ ವಿವರಿಸುತ್ತಾ ನಿಲ್ಲಲೇ? "ನನಗೇ ರೀ, ಯಾಕೆ?" ಎಂದು ರೇಗಿದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಕಣ್ಣ ಕೆಳಗಿನ ಕಪ್ಪು, ಬಾಚದ ತಲೆ, ಹೆಗಲ ಮೇಲಿನ ಉತ್ತರಪತ್ರಿಕೆಗಳ ಚೀಲ. "ಹೌದ್ರಿ, ಬೇಕಾಗೈತೆ ನಿಮಗೆ" ಅಂದರು. ನನಗೆ ಮೈಯೆಲ್ಲ ಉರಿಯಿತು. ಪೊಟ್ಟಣ ಕಿತ್ತುಕೊಂಡು ಓಡಿದೆ. ನನ್ನ ಮೂರು ವರ್ಷದ ಕಥೆಯ ತಪ್ಪು ನಾನಾಡಿದ 'ನನಗೇ' ಎಂಬ ಆ ಒಂದು ಮಾತಿನಲ್ಲೇ ಇತ್ತು.

ಆಮೇಲೆ ಹೋಗುತ್ತಾ ಬರುತ್ತಾ ಸಲುಗೆ ಬೆಳೆಯಿತು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ, "ಸಾಬ್ರೇ, ಎಲ್ಲರನ್ನೂ ಯಾಕೆ ಹಿಂಗೆ ಪೊಲೀಸರಂಗೆ ವಿಚಾರಿಸ್ತೀರಿ?" ಎಂದು ಕೇಳಿದೆ.

ಅವರು ಕಪ್ಪು ಕೆಳಗಿಟ್ಟರು. "ನನಗೆ ಹದಿನೆಂಟು ಇದ್ದಾಗ, ನಿಮ್ಮ ಆನೆಕೊಂಡದ ಹೆಣ್ಮಗಳೊಬ್ಬಳು ಬಂದು ಹೊಟ್ಟೆ ಕಟ್ಟೈತೆ, ಸೋನಾಮುಖಿ ಕೊಡ್ರಿ ಅಂದ್ಲು. ನಾನು ಆಕೀಗೇ ಅನ್ಕೊಂಡು ದೊಡ್ಡವರ ಅಳತೇಲಿ ಕಟ್ಟಿ ಕೊಟ್ಟೆ. ಕುಡಿಸಿದ್ದು ಮೂರು ವರ್ಷದ ಕೂಸಿಗೆ. ಭೇದಿ ನಿಲ್ಲಲೇ ಇಲ್ಲ. ಅಬ್ಬಾಜಾನ್ ನನ್ನ ಕೆನ್ನೆಗೆ ಬಾರಿಸಿ, ಸೈಕಲ್ ಹಿಂದೆ ಕೂರಿಸ್ಕೊಂಡು ಆ ಮನೀಗೆ ಕರ್ಕೊಂಡು ಹೋದ್ರು. ಮೂರು ದಿನ ಆ ಕೂಸಿನ ಬಾಯಿಗೆ ಗಂಜಿ ತಿಳಿ ಬಿಟ್ಕೊಂತ ಅಲ್ಲೇ ಕೂತಿದ್ವಿ. ಅಲ್ಲಾ ಉಳಿಸಿದ." ಕಪ್ಪನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಕೂಸಿನ ಕಣ್ಣು ಒಳಗೆ ಹೋಗಿತ್ತು ಮೇಡಂ. ಇನ್ನಾ ಮರೆತಿಲ್ಲ ನಾನು."

ಅವತ್ತಿನಿಂದ ಅವರ ಮೇಲಿನ ನನ್ನ ಸಿಡುಕು ಹೋಯಿತು. ಆದರೂ ನನಗೇ ಎಂದು ಹೇಳಿದ್ದು ಸುಳ್ಳು ಎಂದು ತಿದ್ದುವ ಬುದ್ಧಿ ಮಾತ್ರ ಬರಲಿಲ್ಲ. ಅಷ್ಟು ಸಣ್ಣ ಮಾತು ನನಗೆ ಮರೆತೇಹೋಗಿತ್ತು.

ಮೊದಲ ವರ್ಷ ಎಲೆ ತಂದು ನಾನೇ ಪುಡಿ ಮಾಡುತ್ತಿದ್ದೆ. ಏನೂ ಹಾಕದ ಯೀಸ್ಟು ಹನ್ನೆರಡನೇ ದಿನಕ್ಕೆ ಅರ್ಧ ಸಾಯುತ್ತಿತ್ತು; ಒಂದೆಲಗ ಹಾಕಿದ್ದು ಹದಿಮೂರನೇ ದಿನ. ಒಂದೇ ಒಂದು ದಿನ! ಅಷ್ಟಕ್ಕೆ ಯಾರು ಡಾಕ್ಟರೇಟ್ ಕೊಡುತ್ತಾರೆ? ನನ್ನ ಮಿಕ್ಸಿಯ ಬಿಸಿಗೆ ಸತ್ವ ಹಾಳಾಗುತ್ತಿರಬೇಕು ಎಂದು ಸಾಬರ ಮುಂದೆ ಗೋಳಾಡಿದೆ. "ಮಿಕ್ಸಿ ಯಾಕ್ರಿ, ನಮ್ಮ ಹಜೀರಾ ಒರಳಾಗೆ ಕುಟ್ಟಿ ಕೊಡ್ತಾಳೆ" ಅಂದರು. ಹಜೀರಾಬೀ ಅವರ ಹೆಂಡತಿ. ತವರು ಕಡರನಾಯಕನಹಳ್ಳಿ, ಅಲ್ಲಿ ಕಾಲುವೆ ಬದಿಯಲ್ಲಿ ಬೆಳೆದ ಒಂದೆಲಗವನ್ನು ತರಿಸಿ, ಮನೆಯೊಳಗೆ ಹಗ್ಗದ ಮಂಚದ ಮೇಲೆ ಹರವಿ ಒಣಗಿಸುವುದು ಅವರ ಕೆಲಸ.

ಪುಡಿ ಬಂತು. ಅರ್ಧ ಯೀಸ್ಟು ಹದಿನೆಂಟನೇ ದಿನದವರೆಗೆ ಬದುಕಿತು. ನಾನು ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ, ಸುಳ್ಳು ಯಾಕೆ ಹೇಳಲಿ. ಪುಡಿಯ ಬಣ್ಣ ಎಲೆಗಿಂತ ಸ್ವಲ್ಪ ಮಬ್ಬಾಗಿದೆ ಎಂದು ಕಣ್ಣಿಗೆ ಬಿದ್ದಿತ್ತು. ಒರಳಲ್ಲಿ ಕುಟ್ಟಿದ್ದಲ್ಲವೇ ಎಂದು ಬಿಟ್ಟೆ. ಕಾಲೇಜಿನ ಕೆಲಸದ ನಡುವೆ ಮರುವರ್ಷ ಇನ್ನೊಮ್ಮೆ ಮಾಡಿದೆ, ಮತ್ತೆ ಹದಿನೆಂಟು. ನನ್ನ ಗೈಡ್ ಮಾಲತೇಶಪ್ಪನವರು ಹೊಗಳುವ ಮನುಷ್ಯರಲ್ಲ. "ಮೂರು ಸಲ ಹಿಂಗೇ ಬರಲಿ, ಆಗ ಮಾತಾಡೋಣ" ಅಂದರು. ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು: ಜೂನ್ ಕೊನೆಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಆಗ ಜನವರಿ. ಒಂದು ಸಲದ ಪ್ರಯೋಗಕ್ಕೆ ಮೂರು ವಾರ. ಬೇಕಾದಷ್ಟು ಕಾಲ ಇದೆ ಎಂದು ನಿಶ್ಚಿಂತೆಯಾಗಿ ಪುಡಿ ತರಲು ಹೋದೆ.

ಅಂಗಡಿಯಲ್ಲಿ ಸಾಬರು ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಹರಿಹರದ ಮನೆಯಲ್ಲಿದ್ದರು. ಮಗಳು ಗುಲ್ನಾಜ್ ಕೂತಿದ್ದಳು. ಅಪ್ಪನ ಹಾಗೆಯೇ "ಯಾರಿಗೆ ಮೇಡಂ?" ಅಂದಳು. "ನಿಮ್ಮಪ್ಪನಿಗೆ ಗೊತ್ತಮ್ಮ" ಅಂದೆ. ಅದೇ ಡಬ್ಬಿಯಿಂದ ಪುಡಿ ಕೊಟ್ಟಳು. ತಂದು ಹಾಕಿದೆ.

ಹದಿಮೂರನೇ ದಿನ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಅರ್ಧ ನೀಲಿ. ಮತ್ತೆ ಎಣಿಸಿದೆ, ಬೇರೆ ಹನಿ ತೆಗೆದು ಎಣಿಸಿದೆ. ನೀಲಿ, ನೀಲಿ. ಎರಡು ವರ್ಷದ ಫಲ ಕೈಬಿಟ್ಟುಹೋಗುತ್ತಿದೆ ಎಂದು ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಹೋದವಳೇ ಗುಲ್ನಾಜಳ ಮುಂದೆ ಪೊಟ್ಟಣ ಕುಕ್ಕಿದೆ. "ಏನು ಬೆರೆಸೀರಿ ಇದಕ್ಕೆ? ಹಳೇ ಮಾಲು ಕೊಟ್ಟೀರಾ?"

"ಏನೂ ಬೆರೆಸಿಲ್ಲ ಮೇಡಂ, ಅಲ್ಲಾನ ಆಣೆ! ಬರೀ ಒಂದೆಲಗ" ಎಂದು ಆ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಕರುಣೆ ಬರಲಿಲ್ಲ. ಸೀದಾ ಹರಿಹರದ ಬಸ್ಸು ಹತ್ತಿದೆ.

ಹಜೀರಾಬೀ ಬಾಗಿಲಲ್ಲೇ ಇದ್ದರು. "ಬಾರಮ್ಮ, ಕೂಡು, ಎಷ್ಟು ಸೊರಗಿದೀಯ" ಎಂದು ಕೈ ಹಿಡಿದರು. ಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಹಗ್ಗದ ಮಂಚದ ಮೇಲಿದ್ದರು. ನಾನು ಅವರ ಕಣ್ಣು ಹೇಗಿದೆ ಎಂದೂ ಕೇಳಲಿಲ್ಲ. ಥೂ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಗಳು ಕೊಟ್ಟ ಪುಡಿ ಕೆಲಸ ಮಾಡಲಿಲ್ಲ, ಮೊದಲಿನದು ಮಾಡುತ್ತಿತ್ತು, ಏನು ವ್ಯತ್ಯಾಸ ಹೇಳಿ ಎಂದು ಒಂದೇ ಉಸಿರಿಗೆ ಒದರಿದೆ.

ಸಾಬರಿಗೆ ನಗು ಬಂತು. "ಅಯ್ಯೋ, ಅಷ್ಟೇನಾ! ಕೊಸರು ಹಾಕಿರಲ್ಲ ಆಕಿ. ಆಕೀಗೆ ಏನು ಗೊತ್ತು."

"ಕೊಸರಾ?"

"ಬೆಟ್ಟದ ನೆಲ್ಲಿ ಪುಡಿ ರೀ. ನಿಮ್ಮ ಪೊಟ್ಟಣಕ್ಕೆ ಒಂದು ಹಿಡಿ, ಪುಡಿ ಶುರು ಮಾಡಿದಾಗಿಂದ. ಬರೀ ಒಂದೆಲಗ ದಿನಾ ತಿಂದ್ರೆ ಕಹಿಗೆ ನೀವೇ ಬಿಟ್ಟುಬಿಡ್ತೀರಿ. ಮೇಲಾಗಿ ನೀವು ದಿನದಿಂದ ದಿನಕ್ಕೆ ಸೊರಗ್ತಿದ್ರಿ. ನೆಲ್ಲಿ ಮೈಗೆ ಹತ್ತತೈತೆ. ಕೇಳಿದ್ರೆ ಬ್ಯಾಡ ಅಂತಿದ್ರಿ, ಅದಕ್ಕೆ ಹೇಳ್ದೆ ಹಾಕ್ತಿದ್ದೆ. ಮೇಲೆ ಕೊಡೋದಲ್ಲೇನ್ರಿ, ಕೊಸರು."

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಒಂದೆಲಗ ಎಂದು ಬರೆದುಕೊಂಡ ಹದಿನೆಂಟು ದಿನದ ಫಲಿತಾಂಶಗಳಲ್ಲಿ ಒಂದೂ ಬರೀ ಒಂದೆಲಗದ್ದಲ್ಲ. ತಂದ ಪುಡಿಯನ್ನು ಒಮ್ಮೆಯಾದರೂ ನಾಲಿಗೆಗೆ ಇಟ್ಟಿದ್ದರೆ ಹುಳಿ ಗೊತ್ತಾಗುತ್ತಿತ್ತು. ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ.

"ಸಾಬ್ರೇ, ನಾನು ತಿಂದಿಲ್ಲ" ಅಂದೆ. ಯೀಸ್ಟಿನ ಕಥೆ ಎಲ್ಲ ಹೇಳಿದೆ. ಪಿಎಚ್‌ಡಿ ಹೋಗುತ್ತದೆ ಎಂದೂ ಹೇಳಿದೆ, ನಿಮ್ಮಿಂದಲೇ ಎಂದೂ ಸೇರಿಸಿದೆ.

ಅವರ ಮುಖದ ನಗು ಇಳಿಯಿತು. ಕಪ್ಪು ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಮಂಚದ ಅಂಚಿಗೆ ಸರಿದು ಕೇಳಿದರು, "ಮೂರು ವರ್ಷ್ದಾಗೆ ಒಂದು ದಿನಾನೂ ತಿಂದಿಲ್ಲೇನ್ರಿ?"

ನಾನು ಅವರ ಮೇಲೆ ಕೂಗಾಡಿದ್ದರಿಂದ ಅವರಿಗೆ ನೋವಾಗಲಿಲ್ಲ, ನಾನು ತಿಂದಿರಲಿಲ್ಲ ಎಂಬುದೇ ನೋವು. ಹಜೀರಾಬೀ ಮೆಲ್ಲಗೆ, "ನಮಾಜಿಗೆ ಕೂತಾಗೆಲ್ಲ ನಿನ್ನ ಹೆಸರು ಹೇಳ್ತಾರಮ್ಮ, ಮೇಡಮ್ಮಂಗೆ ಗುಣ ಆಗ್ಲಿ ಅಂತ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಬಂದುಬಿಟ್ಟೆ, ಹೋಗಿ ಬರುತ್ತೇನೆ ಎಂದೂ ಹೇಳದೆ.

ವಾಪಸ್ಸು ಬರುವ ಬಸ್ಸಿನಲ್ಲಿ, ದಾರಿ ನಡುವಿನ ಬಾತಿ ಹಳ್ಳಿ ಬರುವಷ್ಟರಲ್ಲಿ ಒಂದು ಕೆಟ್ಟ ಯೋಚನೆ ತಲೆಯಲ್ಲಿ ಕುಳಿತಿತ್ತು. ಯಾರಿಗೂ ಗೊತ್ತಿಲ್ಲವಲ್ಲ. ಸಾಬರ ಕೈಯಿಂದ ಇನ್ನೊಂದು ಪೊಟ್ಟಣ ಹಳೇ ರೀತಿಯಲ್ಲೇ ಹಾಕಿಸಿಕೊಂಡರೆ ಮೂರನೇ ಸಲವೂ ಹದಿನೆಂಟು ಬರುತ್ತದೆ. ಒಂದೆಲಗ ಎಂದೇ ಬರೆದು ಫೆಬ್ರವರಿಯಲ್ಲಿ ಮುಗಿಸಬಹುದು. ಊರು ಸಮೀಪಿಸುವವರೆಗೂ ಅದನ್ನೇ ಹೆಣೆದೆ. ಬಸ್ಸಿನಿಂದ ಇಳಿಯುವಾಗ ಸಾಬರ ಮಾತು ಅಡ್ಡ ಬಂತು: ಯಾರಿಗೆ? ನನ್ನ ಪ್ರಬಂಧ ಓದಿ ಯಾರೋ ಒಬ್ಬರು ಮುಂದಿನ ಪ್ರಯೋಗ ಮಾಡುತ್ತಾರೆ, ಇನ್ನಾರೋ ತಮ್ಮ ತಾಯಿಗೆ ಬರೀ ಒಂದೆಲಗ ತಿನ್ನಿಸುತ್ತಾ ನಂಬಿ ಕೂರುತ್ತಾರೆ. ಹದಿನೆಂಟರ ವಯಸ್ಸಿನ ಹಯಾತ್ ಮಾಡಿದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ನನ್ನದು ಗೊತ್ತಿದ್ದೂ ಮಾಡಿದ್ದಾಗುತ್ತಿತ್ತು.

ಮಾರನೇ ದಿನ ಮಾಲತೇಶಪ್ಪನವರ ಮುಂದೆ ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಪುಡಿ ಕೊಂಡು ತಂದಾಗ ಪರೀಕ್ಷೆ ಮಾಡಬೇಕು ಅನ್ನೋದು ಬಿಎಸ್ಸಿ ಮಕ್ಕಳಿಗೂ ಗೊತ್ತೈತೆ" ಅಂದರು. "ಹಳೇದೆಲ್ಲ ಪಕ್ಕಕ್ಕಿಡ್ರಿ. ನಾಲ್ಕು ಗುಂಪು ಮಾಡ್ರಿ: ಬರೀ ನೀರು, ಒಂದೆಲಗ, ನೆಲ್ಲಿ, ಎರಡೂ ಕೂಡಿಸಿದ್ದು. ಮೂರು ಸಲ. ಜೂನ್‌ಗೆ ಆಗ್ತೈತೋ ಇಲ್ಲೋ ನಿಮ್ಮ ಹಣೆಬರಹ. ಆದ್ರೆ ಆ ಹಿಡಿ ಅಂದ್ರೆ ಎಷ್ಟು ಗ್ರಾಂ? ಅದು ಬೇಕು."

ಹಿಡಿ ಅಂದರೆ ಎಷ್ಟು ಎಂದು ಕೇಳಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಎರಡು ದಿನ ಒದ್ದಾಡಿದೆ. ಮೂರನೇ ದಿನ ಮೊದಲು ಅಂಗಡಿಗೆ ಹೋಗಿ ಗುಲ್ನಾಜಳ ಕ್ಷಮೆ ಕೇಳಿದೆ. "ಅಬ್ಬಾ ನಿಮ್ಮ ಫೋನಿಗೆ ಕಾಯ್ತಿದಾರೆ ಮೇಡಂ. ಆ ಹುಳಗಳಿಗೆ ಎಷ್ಟು ದಿನ ಟೈಮ್ ಐತೆ ಅಂತ ಕೇಳಿದ್ರು" ಅಂದಳು.

ಅಲ್ಲಿಂದಲೇ ಸಾಬರಿಗೆ ಫೋನ್ ಮಾಡಿ, ನಿಮ್ಮ ಹಿಡಿ ತೂಗಬೇಕು ಅಂದೆ. ಅದಾಗಿ ಎರಡೇ ದಿನಕ್ಕೆ ಹಯಾತ್ ಸಾಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕಪ್ಪು ಕನ್ನಡಕ, ಕಂಕುಳಲ್ಲಿ ನೆಲ್ಲಿಪುಡಿಯ ಡಬ್ಬಿ ಸಮೇತ ನಮ್ಮ ಲ್ಯಾಬಿಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟರು, ಬ್ಯಾಡ ಅಂದರೂ ಕೇಳಲಿಲ್ಲ. ತಕ್ಕಡಿಯ ಮುಂದೆ ನಿಲ್ಲಿಸಿ, "ಹತ್ತು ಸಲ ಹಿಡಿ ಹಾಕ್ರಿ, ಅಂಗಡ್ಯಾಗೆ ಹಾಕಿದಂಗೇ" ಅಂದೆ. ಹಾಕಿದರು. ಇಪ್ಪತ್ಮೂರು ಗ್ರಾಂ, ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ಮೂರು. ಹತ್ತು ಸಲದಲ್ಲಿ ಒಮ್ಮೆಯೂ ಎರಡು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಯಂತ್ರ ಕೊಟ್ಟರೂ ಇಷ್ಟು ಸರಿಯಾಗಿ ಬರುವುದಿಲ್ಲ.

"ಈಗ ಹೇಳ್ರಿ, ಯಾರಿಗೆ ಇದು?" ಅಂದರು.

ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಆಪರೇಷನ್ ಆಗದ ಕಣ್ಣಿನಿಂದ ನೋಡಿದರು. ಉಸಿರು ಬಿಗಿಹಿಡಿದು ನೋಡಿದರು. "ಕಾಣ್ತಾವೆ, ಕಾಣ್ತಾವೆ! ಮುತ್ತಿನಂಗೆ ಅದಾವೆ. ನೀಲಿ ಇರೋವು?"

"ಅವು ಸತ್ತಾವೆ."

"ಬಿಳೇವಕ್ಕೆ ವಯಸ್ಸೆಷ್ಟು?"

"ಹತ್ತೊಂಬತ್ತು ದಿನ."

"ಮುದುಕರೇನ್ರಿ?"

"ಮುದುಕರೇ. ನಿಮ್ಮ ವಾರಿಗೆಯವರು."

"ಪಾಪ" ಅಂದರು. ಕಣ್ಣು ತೆಗೆಯಲೇ ಇಲ್ಲ. ಆಮೇಲೆ ಎದ್ದು ಬಂದು, ಪ್ರಯೋಗಕ್ಕೆಂದು ಅಳೆದಿಟ್ಟಿದ್ದ ಒಂದೆಲಗದ ತಟ್ಟೆಗೆ ನೆಲ್ಲಿ ಹಾಕಿದರು. ನೆಲ್ಲಿಯೊಂದೇ ಮೂವತ್ನಾಲ್ಕು ಗ್ರಾಂ ಎಂದು ತಕ್ಕಡಿ ತೋರಿಸಿತು. "ಸಾಬ್ರೇ!" ಎಂದು ಕಿರುಚಿದೆ. "ಕೊಸರು ಬ್ಯಾಡ!"

"ವಯಸ್ಸಾದವು ಮೇಡಂ, ಇರ್ಲಿ ಬಿಡ್ರಿ" ಎಂದು ಗೊಣಗುತ್ತಾ ಸ್ವಲ್ಪ ವಾಪಸ್ಸು ತೆಗೆದರು. ನಾನೂ ಅವರೂ ನಕ್ಕೆವು. ನನಗೆ ನಗುತ್ತಾ ನಗುತ್ತಾ ಅಳುವೂ ಬಂತು, ಒರೆಸಿಕೊಂಡೆ.

ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಲ್ಯಾಬಿನಲ್ಲೇ ಕಳೆದೆ. ನೀರಿನ ಗುಂಪು ಹನ್ನೆರಡು ದಿನ, ಒಂದೆಲಗ ಹದಿಮೂರು, ನೆಲ್ಲಿ ಹದಿನೈದು, ಎರಡೂ ಕೂಡಿಸಿದ್ದು ಹದಿನೆಂಟು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹದಿನೇಳೂವರೆ. ಯೀಸ್ಟು ಮನುಷ್ಯನಲ್ಲ, ಇದನ್ನು ತಿಂದರೆ ನೂರು ವರ್ಷ ಬದುಕುತ್ತೀರಿ ಎಂದು ನಾನು ಎಲ್ಲೂ ಬರೆಯಲಿಲ್ಲ. ಜೂನ್ ಇಪ್ಪತ್ತೆಂಟಕ್ಕೆ ಪ್ರಬಂಧ ಸಲ್ಲಿಸಿದೆ.

ನವೆಂಬರಿನಲ್ಲಿ ಮೌಖಿಕ ಪರೀಕ್ಷೆ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಹಾಳೆ ತಿರುವುತ್ತಾ, "ಒಂದೆಲಗದ ಮೇಲೆ ಶುರು ಮಾಡಿದವರಿಗೆ ನೆಲ್ಲಿ ಕೂಡಿಸಬೇಕು ಅಂತ ಹೇಗೆ ಹೊಳೆಯಿತು?" ಎಂದು ಕೇಳಿದರು. ಹಿಂದೆ ಕೂತಿದ್ದ ಮಾಲತೇಶಪ್ಪನವರು ನನ್ನನ್ನೇ ನೋಡುತ್ತಿದ್ದರು. ಹಳೇ ವೈದ್ಯಗ್ರಂಥದ ಹೆಸರು ಹೇಳಿ ಪಾರಾಗಬಹುದಿತ್ತು.

"ನನಗೆ ಹೊಳೆದಿದ್ದಲ್ಲ ಸರ್" ಅಂದೆ. "ಚೌಕಿಪೇಟೆಯ ಗಂಧಿಗೆ ಅಂಗಡಿಯ ಹಯಾತ್ ಸಾಬರು ನಾನು ಸೊರಗಿದ್ದೇನೆ ಅಂತ ಮರುಗಿ, ನನಗೆ ಹೇಳದೆ ಕೊಸರು ಹಾಕಿದ್ದರು. ಪರೀಕ್ಷೆ ಮಾಡದೆ ಬಳಸಿದ ತಪ್ಪು ನನ್ನದು. ಆ ತಪ್ಪನ್ನೂ ನೂರಾ ಎರಡನೇ ಪುಟದಲ್ಲಿ ಬರೆದಿದ್ದೇನೆ." ಸಭೆಯಲ್ಲಿ ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ, ನೂರಾ ಎರಡನೇ ಪುಟ ತೆಗೆದು ಪೂರ್ತಿ ಓದಿದರು, ಆಮೇಲೆ ಸಹಿ ಹಾಕಿದರು.

ಸಂಜೆ ಪೇಡೆ ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಹೋದೆ. "ಆಯ್ತು ಸಾಬ್ರೇ, ಡಾಕ್ಟರ್ ಆದೆ" ಅಂದೆ. "ಮಾಷಾ ಅಲ್ಲಾ!" ಎಂದು ಎರಡೂ ಕೈ ಎತ್ತಿದರು, ಪೇಡೆಯನ್ನು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಹಂಚಿ ಬಂದರು. ಕೂತು ಸುಧಾರಿಸಿಕೊಂಡ ಮೇಲೆ, "ಏನು ಕೊಡ್ಲಿ?" ಅಂದರು.

"ಒಂದೆಲಗದ ಪುಡಿ."

"ಯಾರಿಗೆ?"

"ನನಗೆ."

ಅವರು ಕೈ ನಿಲ್ಲಿಸಿದರು. ಪೊರೆ ತೆಗೆದ ಕಣ್ಣಿನಿಂದ ನನ್ನನ್ನು ಚೆನ್ನಾಗಿಯೇ ನೋಡಿದರು. ಡಬ್ಬಿ ಇಳಿಸಿ, ಪುಡಿ ತೂಗಿ, ಇನ್ನೊಂದು ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಸೇರಿಸಿ, ಕಲೆಸಿ, ಕಟ್ಟುವ ಮೊದಲು ನಾನು ಅಂಗೈ ಚಾಚಿದೆ. ಒಂದು ಚಮಚದಷ್ಟು ಹಾಕಿದರು. ಅವರ ಎದುರೇ ಬಾಯಿಗೆ ಹಾಕಿಕೊಂಡೆ. ಮೊದಲು ಕಹಿ, ಆಮೇಲೆ ಹುಳಿ, ಕಣ್ಣಲ್ಲಿ ನೀರು ಬಂತು. ಸಾಬರು ತಂಬಿಗೆ ಕೊಟ್ಟರು. ಕುಡಿದೆ. ನೆಲ್ಲಿ ತಿಂದ ಬಾಯಿಗೆ ನೀರು ಸಿಹಿಯಾಗಿತ್ತು. ಎರಡು ವರ್ಷ ಆ ರುಚಿಯನ್ನು ಗಾಜಿನ ಬಾಟಲಿಗಳಿಗೆ ಸುರಿದುಬಿಟ್ಟೆನಲ್ಲ ಎಂದುಕೊಂಡು ಇನ್ನೊಂದು ಗುಟುಕು ಕುಡಿದೆ.

"ನಾಳೆಯಿಂದ ಖಾಲಿ ಹೊಟ್ಟ್ಯಾಗೆ ತಗೋರಿ" ಎಂದು ಪೊಟ್ಟಣಕ್ಕೆ ದಾರ ಸುತ್ತುತ್ತಾ ಹೇಳಿದರು ಹಯಾತ್ ಸಾಬರು. "ತಪ್ಪಿಸಬ್ಯಾಡ್ರಿ. ನಾನು ಕೇಳ್ತೀನಿ."